ಬಿಸಿಲಂಗಳಕ್ಕೆ ನಮ್ಮ ನೆಲದ ಹೂಗಿಡಗಳು: ಜೇನು, ದುಂಬಿ, ಚಿಟ್ಟೆಗಳಿಗೆ ವರ್ಷವಿಡೀ ಮೇವು

(ಮನೆಯಂಗಳದ ತೋಟಗಾರಿಕೆಯಲ್ಲಿ ಆಸಕ್ತಿಯುಳ್ಳವರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಬಿಸಿಲು ಚೆನ್ನಾಗಿ ಬೀಳುವ ಅಂಗಳದಲ್ಲಿ ಜೇನು, ದುಂಬಿ, ಚಿಟ್ಟೆಗಳು ಬರುವಂತೆ ಗಿಡಗಳನ್ನು ಬೆಳೆಸುವುದು ಹೇಗೆ ಎಂದು ಹುಡುಕುತ್ತ ಹೋದರೆ ನಮಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಶೀತ ದೇಶಗಳವು. ಆ ದೇಶಗಳಲ್ಲಿ ಬಹುವಾರ್ಷಿಕ ಹೂಗಿಡಗಳಲ್ಲಿ ಬಹುಪಾಲು ಚಳಿಗಾಲ ಬಂದೊಡನೆ ನೆಲದ ಮೇಲೆ ಒಣಗಿಹೋಗುತ್ತವೆ, ಮಣ್ಣಿನೊಳಗೆ ಬೇರನ್ನು ಮಾತ್ರ ಉಳಿಸಿಕೊಂಡು ವಸಂತದಲ್ಲಿ ಮತ್ತೆ ಚಿಗುರುತ್ತವೆ. ನಮ್ಮಲ್ಲಿ ಗಿಡವನ್ನು ಪರೀಕ್ಷೆಗೆ ಒಡ್ಡುವುದು ಚಳಿಯಲ್ಲ, ಡಿಸೆಂಬರಿನಿಂದ ಏಪ್ರಿಲಿನವರೆಗೆ ಹನಿ ಮಳೆಯೂ ಬೀಳದೆ ಹೋಗಬಹುದಾದ ಒಣ ತಿಂಗಳುಗಳು. ಈ ತಿಂಗಳುಗಳನ್ನು ದಾಟಲು ಇಲ್ಲಿನ ಗಿಡಗಳು ಎರಡು ದಾರಿಗಳನ್ನು ಕಂಡುಕೊಂಡಿವೆ. ತಂಗಡಿ, ಲಕ್ಕಿ, ಎಕ್ಕದಂಥವು ಕಟ್ಟಿಗೆಯಂಥ ಕಾಂಡವನ್ನೂ ಆಳದ ಬೇರನ್ನೂ ಬೆಳೆಸಿಕೊಂಡು ಬಿಸಿಲಿನಲ್ಲೇ ನಿಂತುಕೊಳ್ಳುತ್ತವೆ. ಗೌರಿ ಹೂವಿನಂಥವು ಗೆಡ್ಡೆಯಾಗಿ ನೆಲದೊಳಗೆ ಮಲಗಿ ಮೊದಲ ಮಳೆಗೆ ಏಳುತ್ತವೆ. ಆದ್ದರಿಂದ ನಾನು ಇಂದು ಹೆಸರಿಸುವ ಗಿಡಗಳಲ್ಲಿ ಹಲವು ಪುಸ್ತಕದ ಚಿತ್ರಗಳಲ್ಲಿ ಕಾಣುವ ಮೆತ್ತನೆಯ ಹೂಗಿಡಗಳಂತೆ ಇರುವುದಿಲ್ಲ. ಪೊದೆಗಳಾಗಿರುತ್ತವೆ, ಬಳ್ಳಿಗಳಾಗಿರುತ್ತವೆ, ಕೆಲವನ್ನು ತಾವು ಇದುವರೆಗೆ ಕಳೆಯೆಂದು ಕಿತ್ತು ಎಸೆದಿರಲೂಬಹುದು.

ಮಾತಿನ ಎಲ್ಲೆಯನ್ನೂ ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರು, ಕೋಲಾರದ ಸುತ್ತಿನ ಕೆಮ್ಮಣ್ಣಿನ ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾನು ಮಾತನಾಡುತ್ತಿದ್ದೇನೆ. ಕರಾವಳಿಯ ಮಳೆಗೂ ಉತ್ತರದ ಎರೆಮಣ್ಣಿಗೂ ಗಿಡಗಳ ಪಟ್ಟಿ ಸ್ವಲ್ಪ ಬದಲಾಗುತ್ತದೆ.

ನಾನು ಹೇಳಬೇಕೆಂದುಕೊಂಡಿರುವುದು ಮುಖ್ಯವಾಗಿ ಒಂದೇ ಸಂಗತಿ. ಇಂಥ ತೋಟದಲ್ಲಿ ಎಷ್ಟು ಹೂವು ಬಿಡುತ್ತದೆ ಎಂಬುದಕ್ಕಿಂತ ಯಾವ ತಿಂಗಳಲ್ಲಿ ಹೂವು ಇಲ್ಲದೆ ಹೋಗುತ್ತದೆ ಎಂಬುದನ್ನು ನೋಡಬೇಕು. ಮನೆಯ ಮುಂದಿನ ಅಂಗಳದಲ್ಲಿ ಫೆಬ್ರವರಿಯಲ್ಲಿ ಸಾವಿರ ಹೂವು ಅರಳಿ ಆಗಸ್ಟ್‌ನಲ್ಲಿ ಒಂದೂ ಇಲ್ಲದಿದ್ದರೆ, ಆ ಅಂಗಳವನ್ನು ನೆಚ್ಚಿಕೊಂಡು ಯಾವ ಮುಜಂಟಿ ಜೇನೂ ಗೂಡು ಕಟ್ಟಲಾರದು. ವರ್ಷದುದ್ದಕ್ಕೂ ಒಂದಾದ ಮೇಲೊಂದು ಹೂವು ಬರುವಂತೆ ಗಿಡಗಳನ್ನು ಆರಿಸುವ ಆಲೋಚನೆ ಈ ನಾಡಿಗೆ ಹೊಸದೇನೂ ಅಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು ಲಾಲ್‌ಬಾಗನ್ನು ದೀರ್ಘ ಕಾಲ ನೋಡಿಕೊಂಡ ಜರ್ಮನ್ ತೋಟಗಾರಿಕೆ ತಜ್ಞ ಗುಸ್ಟಾವ್ ಹರ್ಮನ್ ಕ್ರುಂಬಿಗಲ್ ಅವರು ಬೆಂಗಳೂರಿನ ರಸ್ತೆಗಳಲ್ಲಿ ಮರಗಳು ಸರದಿಯಂತೆ ಹೂ ಬಿಡುವ ಹಾಗೆ ಯೋಜಿಸಿದರೆಂಬುದು ಪ್ರಸಿದ್ಧವಾದ ಸಂಗತಿ. ಅವರ ಸರದಿ ಮನುಷ್ಯರ ಕಣ್ಣಿಗಾಗಿ ಇತ್ತು, ನಮ್ಮ ಬೀದಿಗಳನ್ನು ಅಲಂಕರಿಸಿದ ಮರಗಳಲ್ಲಿ ದಕ್ಷಿಣ ಅಮೆರಿಕದ ಜಕರಂಡ, ಮಡಗಾಸ್ಕರ್‌ನ ಗುಲ್‌ಮೊಹರ್‌ನಂಥ ಹೊರನಾಡಿನವೇ ಬಹಳ. ಅದೇ ಸರದಿಯನ್ನು ಜೇನಿನ ಹೊಟ್ಟೆಗಾಗಿ, ಇಲ್ಲಿನ ಗಿಡಗಳಿಂದ, ಒಂದು ಅಂಗಳದ ಅಳತೆಯಲ್ಲಿ ಮಾಡಲು ಸಾಧ್ಯವೇ ಎಂಬುದು ನಮ್ಮ ಮುಂದಿರುವ ಪ್ರಶ್ನೆ.

ಮೇವಿನ ಕೊರತೆ ಯಾವಾಗ ಎಂದು ಕೇಳಿದರೆ ಬಹುತೇಕರು ಬೇಸಿಗೆ ಎನ್ನುತ್ತಾರೆ. ವಾಸ್ತವದಲ್ಲಿ ಬೇಸಿಗೆ ನಮ್ಮ ಮರಗಳ ಹಬ್ಬದ ಕಾಲ. ಮಾವು ಜನವರಿ, ಫೆಬ್ರವರಿಯಲ್ಲಿ ಹೂ ಬಿಡುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಹೊಂಗೆ ಮತ್ತು ಬೇವು ಹೂವಾಗುತ್ತವೆ. ಅವುಗಳ ಜೊತೆಜೊತೆಗೆ ನೇರಳೆ, ಅವುಗಳ ಹಿಂದೆಯೇ ಹುಣಸೆ. ಹೊಂಗೆಯ ಮರದ ಕೆಳಗೆ ನಿಂತವರಿಗೆ ತಲೆಯ ಮೇಲಿನ ಝೇಂಕಾರವೇ ಸಾಕಷ್ಟು ಹೇಳುತ್ತದೆ. ಮರಗಳ ಈ ಸಂತೆ ಮುಗಿದು ಮುಂಗಾರು ಹಿಡಿದ ಮೇಲೆ, ಸುತ್ತ ಎಲ್ಲವೂ ಹಸಿರಾಗಿ ಕಂಗೊಳಿಸುವ ಹೊತ್ತಿನಲ್ಲಿ, ಮೇವು ತೆಳುವಾಗುತ್ತದೆ. ಮಲೆನಾಡು, ಕರಾವಳಿಗಳಲ್ಲಿ ಜೇನು ಸಾಕುವವರು ಮಳೆಗಾಲದಲ್ಲಿ ಪೆಟ್ಟಿಗೆಗಳಿಗೆ ಸಕ್ಕರೆ ಪಾಕ ಇಡುವುದು ಇದೇ ಕಾರಣಕ್ಕೆ. ಬಯಲುಸೀಮೆಯಲ್ಲಿ ಪರಿಸ್ಥಿತಿ ಅಷ್ಟು ಕಠಿಣವಲ್ಲ. ಹಿಂದೆ ಹೊಲದ ಬದುಗಳಲ್ಲಿ, ಗೋಮಾಳಗಳಲ್ಲಿ ಮಳೆಗೆ ಏಳುತ್ತಿದ್ದ ತುಂಬೆ, ನೆಗ್ಗಿಲು ಮೊದಲಾದ ಸಣ್ಣ ಗಿಡಗಳು ಈ ಕೊರತೆಯನ್ನು ತುಂಬುತ್ತಿದ್ದವು. ಊರುಗಳು ಬೆಳೆದು ಕಾಂಕ್ರೀಟು ಹರಡಿದ ಕಡೆ ಮರಗಳಾದರೂ ಒಂದಿಷ್ಟು ಉಳಿದಿವೆ, ಬದುಗಳು ಉಳಿದಿಲ್ಲ. ಆದ್ದರಿಂದ ಮನೆಯಂಗಳದ ತೋಟ ತುಂಬಿಕೊಡಬೇಕಾದ ಜಾಗ ಮುಖ್ಯವಾಗಿ ಜೂನ್‌ನಿಂದ ನವೆಂಬರಿನವರೆಗಿನದು ಎಂಬುದು ನನ್ನ ಅಭಿಪ್ರಾಯ. ಬೇಸಿಗೆಯನ್ನು ಅಷ್ಟಾಗಿ ಚಿಂತಿಸಬೇಕಿಲ್ಲ, ಮರೆಯಲೂಬಾರದು.

ಇನ್ನು ಬರುವ ಅತಿಥಿಗಳ ವಿಷಯ. ಪ್ರಪಂಚದಲ್ಲಿ ಸುಮಾರು 20,000 ಬಗೆಯ ಜೇನ್ನೊಣಗಳಿವೆ. ಅವುಗಳಲ್ಲಿ ಜೇನುತುಪ್ಪ ಕೂಡಿಡುವವು ಸಣ್ಣ ಪಾಲು ಮಾತ್ರ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವವು ಹೆಜ್ಜೇನು, ತುಡುವೆ, ಕೋಲುಜೇನು ಮತ್ತು ಕುಟುಕಲಾರದ ಮುಜಂಟಿ. ಇವಲ್ಲದೆ ಒಂಟಿಯಾಗಿ ಬದುಕುವ ಅಸಂಖ್ಯ ಜೇನ್ನೊಣಗಳಿವೆ: ಒಣಮರವನ್ನು ಕೊರೆದು ಗೂಡು ಮಾಡುವ ದಪ್ಪನೆಯ ಕಪ್ಪು ದುಂಬಿ, ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟೆಗಳಿರುವ ಅಮೆಗಿಲ್ಲ, ಗುಲಾಬಿಯ ಎಲೆಯ ಅಂಚನ್ನು ದುಂಡಗೆ ಕತ್ತರಿಸಿ ಒಯ್ಯುವ ಎಲೆಕತ್ತರಿ ಜೇನು. ಹೆಜ್ಜೇನು ಹಲವು ಕಿಲೋಮೀಟರು ಹಾರಿ ಮೇವು ತರಬಲ್ಲದು. ಮುಜಂಟಿಯ ಓಡಾಟ ಕೆಲವು ನೂರು ಮೀಟರುಗಳೊಳಗೆ. ಹೆಜ್ಜೇನಿಗೆ ನಮ್ಮ ಅಂಗಳ ಹತ್ತಾರು ನಿಲ್ದಾಣಗಳಲ್ಲಿ ಒಂದು. ಮುಜಂಟಿಗೆ ಆ ಬೀದಿಯ ನಾಲ್ಕಾರು ಅಂಗಳಗಳೇ ಇಡೀ ಲೋಕ. ಇವುಗಳ ಜೊತೆಗೆ ಚಿಟ್ಟೆಗಳು, ಇರುಳಿನಲ್ಲಿ ಬರುವ ಪತಂಗಗಳು, ಹೂನೊಣಗಳು ಮತ್ತು ಸೂರಕ್ಕಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒಬ್ಬೊಬ್ಬರ ನಾಲಿಗೆಯ ಉದ್ದ ಬೇರೆ, ಬಣ್ಣ ಕಾಣುವ ಕಣ್ಣು ಬೇರೆ. ಜೇನ್ನೊಣಕ್ಕೆ ಅಪ್ಪಟ ಕೆಂಪು ಬಣ್ಣವಾಗಿ ಕಾಣುವುದೇ ಇಲ್ಲ, ಸೂರಕ್ಕಿಗೂ ಹಲವು ಚಿಟ್ಟೆಗಳಿಗೂ ಅದು ಚೆನ್ನಾಗಿ ಕಾಣುತ್ತದೆ. ಒಂದೇ ಜಾತಿಯ ಗಿಡದಿಂದ ಎಲ್ಲರನ್ನೂ ತೃಪ್ತಿಪಡಿಸಲು ಆಗದಿರುವುದು ಇದರಿಂದಲೇ.

ಒಂದೇ ಗಿಡ ಇಡಲು ಜಾಗವಿದೆ, ಯಾವುದನ್ನು ಇಡಲಿ ಎಂದು ಕೇಳುವವರಿಗೆ ನಾನು ಸಾಮಾನ್ಯವಾಗಿ ತಂಗಡಿಯನ್ನು ಹೇಳುತ್ತೇನೆ. ಆವರಿಕೆ ಎಂದರೂ ಇದೇ. ರಸ್ತೆಯ ಬದಿಯಲ್ಲಿ, ಕಲ್ಲು ನೆಲದಲ್ಲಿ, ಯಾರ ಆರೈಕೆಯೂ ಇಲ್ಲದೆ ಬಂಗಾರದ ಬಣ್ಣದ ಹೂ ಹೊತ್ತು ನಿಲ್ಲುವ ಈ ಪೊದೆಯ ತೊಗಟೆಯನ್ನು ಹಿಂದೆ ಚರ್ಮ ಹದ ಮಾಡಲು ಬಳಸುತ್ತಿದ್ದರು. ನೆರೆಯ ತೆಲಂಗಾಣ ಇದನ್ನು ತನ್ನ ರಾಜ್ಯಪುಷ್ಪವಾಗಿ ಆರಿಸಿಕೊಂಡಿದೆ. ತಂಗಡಿಯ ಹೂವಿನಲ್ಲಿ ಮಕರಂದವಿಲ್ಲ. ಅದು ಕೊಡುವುದು ಪರಾಗ ಮಾತ್ರ, ಅದನ್ನೂ ಸುಲಭವಾಗಿ ಕೊಡುವುದಿಲ್ಲ. ಸಾಮಾನ್ಯವಾಗಿ ಪರಾಗಕೋಶಗಳು ಉದ್ದಕ್ಕೆ ಸೀಳಿ ಪರಾಗವನ್ನು ಹೊರಚೆಲ್ಲುತ್ತವೆ. ತಂಗಡಿಯಲ್ಲಿ ಅವುಗಳ ತುದಿಯಲ್ಲಿ ಸಣ್ಣ ರಂಧ್ರ ಮಾತ್ರ ಇರುತ್ತದೆ. ಕಪ್ಪು ದುಂಬಿ ಬಂದು ಹೂವನ್ನು ತಬ್ಬಿ ಹಿಡಿದು, ರೆಕ್ಕೆಗಳನ್ನು ಬಡಿಯದೆ ಎದೆಯ ಸ್ನಾಯುಗಳನ್ನು ಮಾತ್ರ ಕಂಪಿಸುತ್ತದೆ. ಆಗ ಸಾಮಾನ್ಯ ಹಾರಾಟದ ಸದ್ದಿಗಿಂತ ತೀಕ್ಷ್ಣವಾದ ಝೇಂಕಾರ ಕೇಳಿಸುತ್ತದೆ, ಪರಾಗ ರಂಧ್ರದಿಂದ ಪುಡಿಯಾಗಿ ಉದುರುತ್ತದೆ. ಕೆಲವು ಕೇಸರಗಳ ಪರಾಗ ದುಂಬಿಯ ಆಹಾರಕ್ಕೆ, ಉದ್ದನೆಯ ಬೇರೆ ಕೇಸರಗಳದು ಅದರ ಮೈಗೆ ಅಂಟಿ ಮುಂದಿನ ಹೂವಿಗೆ ಹೋಗುವುದಕ್ಕೆ ಎಂಬ ಕೆಲಸದ ಹಂಚಿಕೆಯೂ ಆ ಹೂವಿನೊಳಗೆ ಇದೆ. ತುಡುವೆಗಾಗಲಿ ಹೆಜ್ಜೇನಿಗಾಗಲಿ ಹೀಗೆ ಹೂವನ್ನು ಕಂಪಿಸುವ ವಿದ್ಯೆ ಬರುವುದಿಲ್ಲ. ಅವು ಬಂದರೂ ಉದುರಿದ್ದನ್ನು ಆಯ್ದುಕೊಂಡು ಹೋಗುತ್ತವೆ ಅಷ್ಟೆ. ದುಂಬಿ ಮತ್ತು ಅಮೆಗಿಲ್ಲಗಳು ಅಂಗಳಕ್ಕೆ ಬಂದು ಹೋಗುವ ಅಭ್ಯಾಸವಾದರೆ ಪಕ್ಕದಲ್ಲಿ ತರಕಾರಿ ಹಾಕಿದವರಿಗೂ ಲಾಭವಿದೆ, ಏಕೆಂದರೆ ಬದನೆ ಮತ್ತು ಟೊಮೆಟೊ ಹೂವುಗಳ ಪರಾಗಕೋಶಗಳೂ ಇದೇ ಬಗೆಯವು.

ತಂಗಡಿಯ ಸಸಿಯನ್ನು ದೊಡ್ಡದಾದ ಮೇಲೆ ಕಿತ್ತು ನೆಟ್ಟರೆ ಅದು ಬದುಕುವುದು ಕಷ್ಟ, ಅದರ ತಾಯಿಬೇರು ಬೇಗ ಆಳಕ್ಕೆ ಇಳಿದಿರುತ್ತದೆ. ಬೀಜದಿಂದಲೇ, ಸಾಧ್ಯವಾದರೆ ಇರಬೇಕಾದ ಜಾಗದಲ್ಲೇ ಬೆಳೆಸಬೇಕು. ಬೀಜದ ಸಿಪ್ಪೆ ಗಟ್ಟಿ; ಕುದಿಸಿ ಇಳಿಸಿದ ಬಿಸಿನೀರನ್ನು ಬೀಜಗಳ ಮೇಲೆ ಸುರಿದು, ಆರುವ ತನಕ ಬಿಟ್ಟು, ರಾತ್ರಿಯಿಡೀ ನೆನೆಸಿ ಬಿತ್ತಿದರೆ ಮೊಳಕೆ ಚೆನ್ನಾಗಿ ಬರುತ್ತದೆ. ನೀರು ಹೆಚ್ಚಾದರೆ ಸೊಪ್ಪು ಹೆಚ್ಚು, ಹೂ ಕಡಿಮೆ.

ಮಕರಂದಕ್ಕಾಗಿ ತಂಗಡಿಯ ಜೊತೆಗೆ ಲಕ್ಕಿ ಇರಬೇಕು. ಬಾಣಂತಿಯ ಸ್ನಾನದ ನೀರಿಗೆ ಲಕ್ಕಿ ಸೊಪ್ಪು ಹಾಕುವ ರೂಢಿಯಿರುವ ಮನೆಗಳಲ್ಲಿ ಇದನ್ನು ಪರಿಚಯ ಮಾಡಿಕೊಡಬೇಕಿಲ್ಲ. ತೆಳು ನೇರಳೆ ಬಣ್ಣದ ಇದರ ಹೂಗಳು ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ, ಆದರೆ ತೆನೆತೆನೆಯಾಗಿ, ಮೇವು ಕಡಿಮೆಯಿರುವ ಮಳೆಗಾಲದಲ್ಲೂ ಬರುತ್ತವೆ, ಹೂವಿನ ಬಾಯಿ ಚಿಕ್ಕದಾದ್ದರಿಂದ ಕೋಲುಜೇನು, ಮುಜಂಟಿಗಳಿಗೂ ನಿಲುಕುತ್ತದೆ. ಬಿಟ್ಟರೆ ಆಳೆತ್ತರವನ್ನು ಮೀರಿ ಸಣ್ಣ ಮರವಾಗುತ್ತದೆ. ವರ್ಷಕ್ಕೊಮ್ಮೆ ಗಟ್ಟಿಯಾಗಿ ಸವರಿದರೆ ಎದೆಮಟ್ಟದ ಪೊದೆಯಾಗಿ ನಿಲ್ಲುತ್ತದೆ, ಸವರಿದ ಕಡ್ಡಿಗಳನ್ನೇ ಮಳೆಗಾಲದಲ್ಲಿ ಊರಿದರೆ ಬೇರು ಬಿಡುತ್ತವೆ.

ಮುಂಗಾರಿನ ತಿಂಗಳುಗಳಿಗೆ ನೆಲಮಟ್ಟದಲ್ಲಿ ವಿಷ್ಣುಕ್ರಾಂತಿಯನ್ನು ನಾನು ಬಹಳ ಮೆಚ್ಚುತ್ತೇನೆ. ಗೇಣುದ್ದದ ಬಳುಕುವ ಕಡ್ಡಿಗಳಲ್ಲಿ ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುವ ನೀಲಿ ಹೂಗಳು ಸಣ್ಣ ಜೇನುಗಳಿಗೂ ಪುಟ್ಟ ನೀಲಿ ಚಿಟ್ಟೆಗಳಿಗೂ ತಕ್ಕ ಅಳತೆಯವು. ಮರಳು ಬೆರೆತ ಬಡ ಕೆಮ್ಮಣ್ಣೇ ಅದಕ್ಕೆ ಹಿತ. ಗೊಬ್ಬರ ಹಾಕಿ ಮುದ್ದು ಮಾಡಿದರೆ ಸುತ್ತಲಿನ ಹುಲ್ಲು ಅದನ್ನು ನುಂಗಿಬಿಡುತ್ತದೆ. ನರ್ಸರಿಗಳಲ್ಲಿ ಇದೇ ಹೆಸರಿನಲ್ಲಿ ಸಿಗುವ ದೊಡ್ಡ ಹೂವಿನ ಗಿಡ ದಕ್ಷಿಣ ಅಮೆರಿಕದ ಅದರ ಸೋದರ ಜಾತಿ ಎಂಬುದನ್ನು ಗಮನಿಸಬೇಕು. ಬೇಲಿಯ ಪಕ್ಕಕ್ಕೆ ಗೌರಿ ಹೂವಿನ ಬಳ್ಳಿ ಮತ್ತು ಶತಾವರಿ ಎರಡನ್ನೂ ಹಬ್ಬಿಸಬಹುದು. ಎರಡೂ ನೆಲದೊಳಗೆ ಕೂಡಿಟ್ಟ ಶಕ್ತಿಯಿಂದ ಮಳೆಗೆ ಏಳುವಂಥವು. ಶತಾವರಿಯ ಸಣ್ಣ ಬಿಳಿ ಹೂಗಳು ಒಮ್ಮೆಲೇ ಅರಳಿ, ಪರಿಮಳದಿಂದಲೇ ಜೇನುಗಳನ್ನು ಕರೆಯುತ್ತವೆ. ಗೌರಿ ಹೂವಿನ ದಳಗಳು ಹಳದಿಯಿಂದ ಕೆಂಪಿಗೆ ತಿರುಗುತ್ತ ಬೆಂಕಿಯ ನಾಲಿಗೆಗಳಂತೆ ಮೇಲಕ್ಕೆ ಮಡಚಿಕೊಳ್ಳುತ್ತವೆ. ಕೇಸರಗಳು ಹೊರಕ್ಕೆ ಚಾಚಿರುವುದರಿಂದ ದೊಡ್ಡ ರೆಕ್ಕೆಯ ಚಿಟ್ಟೆಗಳೂ ಸೂರಕ್ಕಿಗಳೂ ಹಾರುತ್ತಲೇ ಪರಾಗವನ್ನು ಮೈಗೆ ಹಚ್ಚಿಕೊಂಡು ಹೋಗುತ್ತವೆ. ಆದರೆ ಇಡೀ ಗಿಡ, ಅದರಲ್ಲೂ ಗೆಡ್ಡೆ ಮತ್ತು ಬೀಜ, ಕಾಲ್ಚಿಸಿನ್ ಎಂಬ ತೀವ್ರ ವಿಷದಿಂದ ಕೂಡಿದೆ. ಸಣ್ಣ ಮಕ್ಕಳು ಓಡಾಡುವ ಮನೆಗಳಲ್ಲಿ ಅದನ್ನು ನೆಡದಿರುವುದೇ ಸರಿ.

ಕೆಂಪು ಕೇಪಳದ ಬಗ್ಗೆ ಒಂದು ಎಚ್ಚರಿಕೆಯ ಮಾತು. ದಕ್ಷಿಣ ಭಾರತದ ಮತ್ತು ಶ್ರೀಲಂಕಾದ ಮೂಲದ ಈ ಗಿಡದ ಹೂವಿನ ಕೊಳವೆ ಸೂಜಿಯಂತೆ ತೆಳು ಮತ್ತು ಉದ್ದ; ಅದರ ಬುಡದಲ್ಲಿರುವ ಮಕರಂದ ಉದ್ದ ಹೀರುಗೊಳವೆಯ ದೊಡ್ಡ ಚಿಟ್ಟೆಗಳಿಗೆ ಮೀಸಲು ಎನ್ನಬಹುದು. ಗಿಡಕ್ಕೆ ಸ್ವಲ್ಪ ಹುಳಿ ಗುಣದ ಮಣ್ಣು ಬೇಕು. ಸುಣ್ಣದಂಶ ಹೆಚ್ಚಿರುವ ಬೋರ್‌ವೆಲ್ ನೀರನ್ನೇ ಹಾಕುತ್ತ ಬಂದರೆ ಮಣ್ಣಿನ ಕಬ್ಬಿಣ ಬೇರಿಗೆ ದಕ್ಕದೆ, ನರಗಳು ಹಸಿರಾಗಿದ್ದು ಎಲೆ ಹಳದಿಯಾಗುತ್ತದೆ. ಬಯಲುಸೀಮೆಯ ಊರುಗಳಲ್ಲಿ ಕೇಪಳ ಸೊರಗುವುದಕ್ಕೆ ಬಹುಪಾಲು ಇದೇ ಕಾರಣ. ಮಳೆನೀರು ಹಿಡಿದಿಟ್ಟು ಹಾಕುವ ಅನುಕೂಲವಿರುವವರು ಮಾತ್ರ ಅದಕ್ಕೆ ಕೈಹಾಕುವುದು ಲೇಸು.

ಮಳೆ ಹಿಂದೆ ಸರಿದು ದೀಪಾವಳಿ ಬರುವ ಹೊತ್ತಿಗೆ ಸ್ಫಟಿಕ ಮತ್ತು ಗೋರಂಟೆ ಹೂ ಬಿಡತೊಡಗುತ್ತವೆ. ನೀಲಿ, ಬಿಳಿ, ಗುಲಾಬಿ ಬಣ್ಣದ ಸ್ಫಟಿಕವನ್ನು ಮುಡಿಯುವ ಹೂವೆಂದು ನಮ್ಮ ಹಿತ್ತಿಲುಗಳು ಬಹಳ ಹಿಂದಿನಿಂದ ಕಾಪಾಡಿಕೊಂಡು ಬಂದಿವೆ, ಹಳದಿ ಹೂವಿನ ಮುಳ್ಳುಗೋರಂಟೆಯನ್ನು ಬೇಲಿಗೆ ಹಾಕುತ್ತಾರೆ. ಪ್ಯಾನ್ಸಿ ಗುಂಪಿನ ಕೆಲವು ಚಿಟ್ಟೆಗಳ ಮರಿಗಳಿಗೆ ಇವುಗಳ ಎಲೆಯೂ ಆಹಾರ. ಇವುಗಳ ನಂಟಿನ ಕನಕಾಂಬರವೂ ನಮ್ಮ ದಕ್ಷಿಣದ್ದೇ. ಈ ಹೂಗಳು ಮುಗಿಯುವ ವೇಳೆಗೆ ಆಡುಸೋಗೆ ಶುರುವಾಗುತ್ತದೆ: ಬಿಳಿ ಹೂವಿನ ಕೆಳತುಟಿಯ ಮೇಲೆ ನೇರಳೆ ಗೆರೆಗಳು, ದುಂಬಿ ಇಳಿಯಲು ಜಗಲಿ, ಮಕರಂದದತ್ತ ದಾರಿ ತೋರಿಸುವ ಗುರುತು, ಎರಡೂ ಒಂದರಲ್ಲೇ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಗೆ ಇದೊಂದು ಅಪವಾದ. ದನ ಮೇಕೆಗಳು ನುಗ್ಗುವ ಹಳ್ಳಿಯ ಅಂಗಳಗಳಲ್ಲಿ ಇದನ್ನೇ ಅಂಚಿಗೆ ಹಾಕಿದರೆ ಒಳಗಿನ ಗಿಡಗಳಿಗೂ ರಕ್ಷಣೆ. ಜನವರಿಯ ನಂತರದ ಒಣ ದಿನಗಳಿಗೆ ಧಾತಕಿ, ಅಂದರೆ ತಾಮ್ರಪುಷ್ಪಿ, ಬಹಳ ಒಳ್ಳೆಯ ಆಯ್ಕೆ. ಆಯುರ್ವೇದದ ಅರಿಷ್ಟಗಳನ್ನು ಹುದುಗಿಸಲು ಹಾಕುವ ಹೂ ಇದೇ. ಕಲ್ಲು ಗುಡ್ಡಗಳ ಇಳಿಜಾರಿನ ಗಿಡವಾದ್ದರಿಂದ ಬಡ ಮಣ್ಣಿಗೂ ಬಿಸಿಲಿಗೂ ಹೆದರುವುದಿಲ್ಲ. ಕಡ್ಡಿಯುದ್ದಕ್ಕೂ ಬಿಡುವ ಸಣ್ಣ ಕೆಂಪು ಕೊಳವೆಗಳಿಗೆ ಸೂರಕ್ಕಿಗಳು ಬೆಳಗಿನಿಂದಲೇ ಬಂದು ಕೂರುತ್ತವೆ.

ತುಳಸಿಯನ್ನು ನಾನು ಬೇಕೆಂದೇ ಕೊನೆಗೆ ಉಳಿಸಿಕೊಂಡೆ, ಏಕೆಂದರೆ ಅದನ್ನು ಯಾರೂ ಹೊಸದಾಗಿ ತರಬೇಕಾಗಿಲ್ಲ. ಗಿಡ ಬಾಳಲೆಂದು ತೆನೆ ಬಂದೊಡನೆ ಚಿವುಟುವುದು ರೂಢಿ, ಆ ರೂಢಿಗೆ ಕಾರಣವೂ ಇದೆ: ಬೀಜ ಕಟ್ಟಿದ ತುಳಸಿ ಬೇಗ ಮುದಿಯಾಗುತ್ತದೆ. ಎರಡು ಗಿಡ ಹೆಚ್ಚಾಗಿ ಹಾಕಿ, ಕಟ್ಟೆಯ ತುಳಸಿಯನ್ನು ಚಿವುಟಿ, ಅಂಗಳದ ತುಳಸಿಯ ತೆನೆಯನ್ನು ಬಿಟ್ಟರೆ ಸಾಕು; ಬೆಳಗಿನ ಬಿಸಿಲಿಗೆ ಅಮೆಗಿಲ್ಲ, ತುಡುವೆ, ಕೋಲುಜೇನುಗಳು ಅಲ್ಲಿ ಸರದಿಯಾಗಿ ಬರುತ್ತವೆ.

ಇಲ್ಲಿಯವರೆಗೆ ಹೂವಿನ ಮಾತಾಯಿತು. ಚಿಟ್ಟೆಯ ವಿಷಯದಲ್ಲಿ ಹೂವು ಅರ್ಧ ಭಾಗ ಮಾತ್ರ, ಉಳಿದರ್ಧ ಎಲೆ. ಹೂವಿಗೆ ಬರುವ ಚಿಟ್ಟೆ ಹಲವು ಜಾತಿಯ ಗಿಡಗಳ ಮಕರಂದವನ್ನು ಹೀರಬಲ್ಲದು, ಆದರೆ ಅದರ ಹುಳು ಸಾಮಾನ್ಯವಾಗಿ ಒಂದೆರಡು ಜಾತಿಯ ಅಥವಾ ಒಂದೇ ಕುಟುಂಬದ ಗಿಡದ ಎಲೆಯನ್ನಷ್ಟೇ ತಿನ್ನುತ್ತದೆ. ಎಕ್ಕದ ಎಲೆ ಪ್ಲೇನ್ ಟೈಗರ್ ಚಿಟ್ಟೆಯ ಮರಿಗಳಿಗೆ, ತಂಗಡಿಯ ಎಲೆ ಗುಂಪುಗುಂಪಾಗಿ ವಲಸೆ ಹೋಗುವ ತಿಳಿಹಳದಿಯ ಕ್ಯಾಟೊಪ್ಸಿಲಿಯ ಚಿಟ್ಟೆಗಳ ಮರಿಗಳಿಗೆ. ಅತ್ಯಂತ ಸ್ವಾರಸ್ಯದ ಜೋಡಿ ಎಂದರೆ ಕರಿಬೇವು ಮತ್ತು ಈಶ್ವರಿ ಬಳ್ಳಿ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಹುಳು ಕಾಮನ್ ಮಾರ್ಮನ್ ಎಂಬ ಚಿಟ್ಟೆಯದು. ಬೆಳೆದ ಮೇಲೆ ಅದು ಹಸಿರಾಗಿ ಎಲೆಯ ಬಣ್ಣದಲ್ಲೇ ಕರಗಿಹೋಗುತ್ತದೆ. ಈಶ್ವರಿ ಬಳ್ಳಿಯನ್ನು ತಿಂದು ಬೆಳೆಯುವ ಕ್ರಿಮ್ಸನ್ ರೋಸ್ ಮತ್ತು ಕಾಮನ್ ರೋಸ್ ಚಿಟ್ಟೆಗಳು ಆ ಬಳ್ಳಿಯ ವಿಷವನ್ನು ಮೈಯಲ್ಲೇ ಉಳಿಸಿಕೊಳ್ಳುವುದರಿಂದ ಹಕ್ಕಿಗಳು ಅವನ್ನು ಮುಟ್ಟುವುದಿಲ್ಲ. ವಿಷವಿಲ್ಲದ ಮಾರ್ಮನ್ ಚಿಟ್ಟೆಯ ಹೆಣ್ಣುಗಳಲ್ಲಿ ಕೆಲವು ಈ ವಿಷದ ಚಿಟ್ಟೆಗಳದ್ದೇ ಬಣ್ಣ, ಗುರುತುಗಳನ್ನು ಹೊತ್ತು ಹಾರಾಡಿ ಹಕ್ಕಿಗಳಿಗೆ ಮೋಸ ಮಾಡುತ್ತವೆ. ಅಡುಗೆಮನೆಯ ಹಿಂದೆ ಕರಿಬೇವು, ಬೇಲಿಯ ಮೇಲೆ ಈಶ್ವರಿ ಬಳ್ಳಿ ಇದ್ದರೆ ಅಸಲಿ, ನಕಲಿ ಎರಡನ್ನೂ ಒಂದೇ ಅಂಗಳದಲ್ಲಿ ಕಾಣಬಹುದು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್‌ನ ಮರಿಗಳೂ ಈಶ್ವರಿಯ ಕುಟುಂಬದ ಬಳ್ಳಿಗಳನ್ನೇ ತಿನ್ನುತ್ತವೆ. ಮಲೆನಾಡಿಗೆ ಹತ್ತಿರದ ಊರಿನವರಿಗೆ ಆ ಭಾಗ್ಯವೂ ಇರಬಹುದು.

ಈಶ್ವರಿ ಬಳ್ಳಿಯನ್ನು ತರುವಾಗ ಸ್ಥಳೀಯ ಜಾತಿಯನ್ನೇ ತರಬೇಕು. ಅಲಂಕಾರಕ್ಕೆಂದು ಮಾರುವ, ಬಾತುಕೋಳಿಯಂಥ ದೊಡ್ಡ ಹೂವಿನ ಅಮೆರಿಕ ಮೂಲದ ಬಳ್ಳಿಗಳೂ ಅದೇ ಕುಲದವು. ಅಂಥದೊಂದು ಬಳ್ಳಿಯ ಮೇಲೆ ಆಸ್ಟ್ರೇಲಿಯದ ರಿಚ್ಮಂಡ್ ಬರ್ಡ್‌ವಿಂಗ್ ಚಿಟ್ಟೆ ಮೋಸಹೋಗಿ ಮೊಟ್ಟೆಯಿಟ್ಟು, ಮರಿಗಳು ಸಾಯುವುದು ದಾಖಲಾಗಿದೆ. ಇನ್ನೊಂದು ಮಾತು: ಈ ಬಳ್ಳಿಯನ್ನು ಮನೆಮದ್ದಿಗೆ ಬಳಸಬಾರದು, ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಮನುಷ್ಯನ ಮೂತ್ರಪಿಂಡಕ್ಕೆ ಹಾನಿಕರ.

ಎಲೆಗಳನ್ನು ಹುಳು ತಿನ್ನುತ್ತದೆ ಎಂಬುದನ್ನು ಒಪ್ಪಿಕೊಳ್ಳದವರು ಚಿಟ್ಟೆಯ ತೋಟ ಮಾಡಲು ಹೋಗಬಾರದು. ತಂಗಡಿ ಒಮ್ಮೊಮ್ಮೆ ಕಡ್ಡಿ ಮಾತ್ರ ಉಳಿಯುವಂತೆ ಬೋಳಾಗುತ್ತದೆ. ಬೇರು ಗಟ್ಟಿಯಿರುವ ಬಹುವಾರ್ಷಿಕ ಗಿಡವಾದ್ದರಿಂದ ಕೆಲವೇ ವಾರಗಳಲ್ಲಿ ಮತ್ತೆ ಚಿಗುರುತ್ತದೆ. ಔಷಧಿ ಹೊಡೆಯುವ ಅಭ್ಯಾಸ ಬಿಡಲೇಬೇಕು. ಇಮಿಡಾಕ್ಲೋಪ್ರಿಡ್‌ನಂಥ ಕೀಟನಾಶಕಗಳು ಎಲೆಯ ಮೇಲಷ್ಟೇ ಉಳಿಯದೆ ಗಿಡದ ರಸದೊಳಗೆ ಹರಿದು ಮಕರಂದಕ್ಕೂ ಪರಾಗಕ್ಕೂ ಸೇರುತ್ತವೆ. ಐರೋಪ್ಯ ಒಕ್ಕೂಟ 2018ರಲ್ಲಿ ಈ ಗುಂಪಿನ ಮೂರು ಕೀಟನಾಶಕಗಳ ಬಯಲು ಬಳಕೆಯನ್ನು ನಿಷೇಧಿಸಿದ್ದು ಜೇನ್ನೊಣಗಳ ಕಾರಣಕ್ಕೆ. ಬೇವಿನೆಣ್ಣೆ ಸೌಮ್ಯ ಎಂಬ ನಂಬಿಕೆಯಿದ್ದರೂ ಚಿಟ್ಟೆಯ ಮರಿಗಳಿಗೆ ಅದೂ ಸೌಮ್ಯವಲ್ಲ. ಎಕ್ಕದ ಚಿಗುರಿಗೆ ಹತ್ತುವ ಹಳದಿ ಹೇನುಗಳನ್ನು ನೀರು ರಭಸವಾಗಿ ಚಿಮುಕಿಸಿ ಉದುರಿಸಿದರೆ ಸಾಕು, ಉಳಿದುದನ್ನು ಗುಲಗಂಜಿ ಹುಳುಗಳು ನೋಡಿಕೊಳ್ಳುತ್ತವೆ.

ಹೊರನಾಡಿನ ಹೂಗಳನ್ನೆಲ್ಲ ಕಿತ್ತುಹಾಕಬೇಕೆ ಎಂಬ ಪ್ರಶ್ನೆ ಇಂಥ ಸಭೆಗಳಲ್ಲಿ ಬಂದೇ ಬರುತ್ತದೆ. ಚೆಂಡು ಹೂವು ಮೆಕ್ಸಿಕೊ ಕಡೆಯಿಂದ ಬಂದದ್ದು. ಪೂಜೆಗೆ ಬೇಕಾದವರು ಅದನ್ನು ಬೆಳೆಯಲಿ, ತೊಂದರೆಯಿಲ್ಲ. ಆದರೆ ದಳಗಳ ಮೇಲೆ ದಳ ಜೋಡಿಸಿದಂತೆ ತಳಿಮಾಡಿದ ಹೂಗಳಲ್ಲಿ ಕೇಸರಗಳೇ ದಳಗಳಾಗಿ ಮಾರ್ಪಟ್ಟು ಜೇನಿಗೆ ಸಿಗುವುದು ಅಲ್ಪ ಎಂಬುದನ್ನು ತಿಳಿದಿರಲಿ. ಲಂಟಾನದ ವಿಷಯದಲ್ಲಿ ಮಾತ್ರ ನಾನು ರಾಜಿಯಾಗಲಾರೆ. ಚಿಟ್ಟೆಗಳು ಅದಕ್ಕೆ ಮುತ್ತುವುದು ನಿಜ. ಅಮೆರಿಕದಿಂದ ಅಲಂಕಾರಕ್ಕೆಂದು ತಂದ ಆ ಗಿಡ ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆಮಹದೇಶ್ವರ ಬೆಟ್ಟಗಳ ಕಾಡಿನ ನೆಲವನ್ನು ಆವರಿಸಿ, ಹುಲ್ಲನ್ನೂ ಸ್ಥಳೀಯ ಸಸಿಗಳನ್ನೂ ಮೇಲೇಳದಂತೆ ಮಾಡಿರುವುದನ್ನು ನೋಡಿದ ಮೇಲೆ, ಹಕ್ಕಿಗಳು ಬೀಜ ಒಯ್ಯುವ ದೂರದಲ್ಲಿ ಅದನ್ನು ಬೆಳೆಸುವುದಕ್ಕೆ ಸಮರ್ಥನೆ ಕಾಣುವುದಿಲ್ಲ.

ನೆಡುವ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೀಳುವ ಜಾಗ ಬೇಕು. ಒಂದೊಂದು ಜಾತಿಯ ಒಂದೊಂದೇ ಗಿಡವನ್ನು ಚದುರಿಸುವುದಕ್ಕಿಂತ ಒಂದೇ ಜಾತಿಯ ಮೂರು, ನಾಲ್ಕು ಗಿಡಗಳನ್ನು ಒತ್ತಾಗಿ ನೆಟ್ಟರೆ ಜೇನಿಗೆ ದೂರದಿಂದ ಗುರುತಿಸುವುದೂ ಸುಲಭ, ಒಂದೇ ಬಗೆಯ ಹೂವಿನಿಂದ ಹೂವಿಗೆ ಹೋಗುವ ಅದರ ಸ್ವಭಾವಕ್ಕೂ ಅನುಕೂಲ. ನಗರದ ಮೂವತ್ತು ನಲವತ್ತರ ಸೈಟಿನಲ್ಲಿ ಮನೆ ಕಟ್ಟಿದ ಮೇಲೆ ಮಣ್ಣೇ ಉಳಿದಿಲ್ಲ ಎನ್ನುವವರು ತಾರಸಿಯ ಮೇಲೆ ದೊಡ್ಡ ಕುಂಡಗಳಲ್ಲಿ ಸ್ಫಟಿಕ, ತುಳಸಿ, ಕನಕಾಂಬರ, ವಿಷ್ಣುಕ್ರಾಂತಿಗಳನ್ನು ಬೆಳೆಸಬಹುದು; ತಂಗಡಿ, ಎಕ್ಕಗಳು ಕುಂಡದಲ್ಲಿ ಸುಖವಾಗಿರುವುದಿಲ್ಲ. ಅಂಗಳವಿರುವವರು ಅದನ್ನೆಲ್ಲ ಟೈಲ್ಸ್, ಹುಲ್ಲುಹಾಸುಗಳಿಂದ ಮುಚ್ಚದೆ ಬಿಸಿಲು ಬೀಳುವ ಒಂದು ಮೂಲೆಯ ಮಣ್ಣನ್ನು ಬೋಳಾಗಿ, ಅಗೆಯದೆ ಬಿಡಬೇಕು, ಏಕೆಂದರೆ ಒಂಟಿ ಜೇನುಗಳಲ್ಲಿ ಹೆಚ್ಚಿನವು ಗೂಡು ತೋಡುವುದು ನೆಲದಲ್ಲೇ. ಒಣಗಿದ ಬಿದಿರಿನ ತುಂಡುಗಳನ್ನೋ ಹಳೆಯ ಮರದ ಕೊರಡನ್ನೋ ಮಳೆ ತಾಗದ ಕಡೆ ಇಟ್ಟರೆ ಕಪ್ಪು ದುಂಬಿಗೆ ಮನೆಯಾಯಿತು. ಹಾಗೆ ಇಡದಿದ್ದರೆ ಅದು ಮನೆಯ ತೊಲೆಯನ್ನೇ ಹುಡುಕಿಕೊಳ್ಳಬಹುದು.

ಉಪನ್ಯಾಸದ ನಂತರ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತಿದ್ದೇನೆ.

ಜೇನು ಹೆಚ್ಚಾದರೆ ಮಕ್ಕಳಿಗೆ ಕುಟುಕುವುದಿಲ್ಲವೇ ಎಂದು ಒಬ್ಬರು ಕೇಳಿದರು. ಹೂವಿನ ಮೇಲೆ ಮೇವು ಅರಸುತ್ತಿರುವ ಜೇನ್ನೊಣ ಹಿಡಿದರೆ, ತುಳಿದರೆ ಹೊರತು ಸಾಮಾನ್ಯವಾಗಿ ಕುಟುಕುವುದಿಲ್ಲ. ಕುಟುಕುವ ಪ್ರಸಂಗಗಳು ಬರುವುದು ಗೂಡಿಗೆ ತೊಂದರೆಯಾದಾಗ. ಹೆಜ್ಜೇನು ಗೂಡು ಕಟ್ಟುವುದು ಎತ್ತರದ ಮರ, ಕಟ್ಟಡಗಳಿಗೆ. ಅಂಗಳದ ಪೊದೆಗಳಿಗೆ ಅದು ಮೇವಿಗೆ ಬಂದು ಹೋಗುತ್ತದೆ ಅಷ್ಟೆ. ಜೇನಿನ ವಿಷಕ್ಕೆ ತೀವ್ರ ಅಲರ್ಜಿ ಇರುವವರು ಮನೆಯಲ್ಲಿದ್ದರೆ ಮಾತ್ರ ಹೂಗಿಡಗಳನ್ನು ಬಾಗಿಲು, ಕಿಟಕಿ, ಓಡಾಡುವ ದಾರಿಗಳಿಂದ ದೂರ ಹಾಕುವುದು ಒಳ್ಳೆಯದು. ಅದಕ್ಕಿಂತ ಹೆಚ್ಚಿನ ಜಾಗ್ರತೆ ಎಕ್ಕದ ಹಾಲಿನ ಬಗ್ಗೆ ಇರಲಿ; ಅದು ಕಣ್ಣಿಗೆ ಬಿದ್ದರೆ ತೀವ್ರ ಹಾನಿಯಾಗುತ್ತದೆ.

ಈ ಗಿಡಗಳು ನರ್ಸರಿಯಲ್ಲಿ ಸಿಗುವುದಿಲ್ಲ, ಎಲ್ಲಿಂದ ತರುವುದು ಎಂಬುದು ಇನ್ನೊಬ್ಬರ ಪ್ರಶ್ನೆ. ಕಾಡಿನಿಂದ ಗಿಡವನ್ನಾಗಲಿ ಗೌರಿ ಹೂವಿನ ಗೆಡ್ಡೆಯನ್ನಾಗಲಿ ಕಿತ್ತು ತರುವುದು ಬೇಡ. ತಂಗಡಿಯ ಬೀಜ ರಸ್ತೆಬದಿಯಲ್ಲೇ ಮಾಗಿದ ಕಾಯಿಗಳಿಂದ ಸಿಗುತ್ತದೆ. ಲಕ್ಕಿ, ಆಡುಸೋಗೆ, ಸ್ಫಟಿಕಗಳ ಕಡ್ಡಿ ಪರಿಚಿತರ ಹಿತ್ತಿಲಿನಲ್ಲಿ ಸಿಗುತ್ತದೆ. ಶತಾವರಿ, ಈಶ್ವರಿ ಬಳ್ಳಿ, ಧಾತಕಿಗಳಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರಗಳಲ್ಲಿ, ಔಷಧಿ ಗಿಡ ಬೆಳೆಸುವವರಲ್ಲಿ ವಿಚಾರಿಸಬೇಕು. ಬೀಜಗಳನ್ನು ಬೇಸಿಗೆಯಲ್ಲೇ ಸಂಗ್ರಹಿಸಿ, ಮೃಗಶಿರ ಮಳೆಗೆ ಮಣ್ಣು ಹದವಾದಾಗ ಬಿತ್ತಿ, ಕಡ್ಡಿಗಳನ್ನು ಆರಿದ್ರೆಯಲ್ಲಿ ಊರಿದರೆ ಮೊದಲ ಮಳೆಗಾಲದಲ್ಲಿ ನೀರು ಹಾಕುವ ಕೆಲಸವೂ ಬಹುಪಾಲು ತಪ್ಪುತ್ತದೆ. ಮಳೆ ನಿಂತ ಮೇಲೆ, ಎರಡನೆಯ ಬೇಸಿಗೆಯವರೆಗೆ ಒಣ ದಿನಗಳಲ್ಲಿ ವಾರಕ್ಕೊಮ್ಮೆ ಆಳವಾಗಿ ಇಳಿಯುವಂತೆ ನೀರು ಕೊಟ್ಟು, ಬುಡಕ್ಕೆ ತರಗೆಲೆ ಹೊದಿಸಿದರೆ, ಮುಂದೆ ಬೇಕಾಗುವುದು ಕತ್ತರಿಯ ಕೆಲಸ ಮಾತ್ರ.